ಮೂವತ್ತನಾಲ್ಕನೇ ನಿಮಿಷ

ಹದಿಮೂರನೇ ತಾರೀಖು, ಮಂಗಳವಾರ, ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ದೂರು ಬಂತು. ತಂದವನು ವಿಮಾನ ಕಂಪನಿಯ ಮ್ಯಾನೇಜರ್. ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ, ಮುಖದ್ದು ಪೂರ್ತಿ ಕೆಟ್ಟಿತ್ತು. ಆ ಠಾಣೆ ಇದ್ದದ್ದೇ ಕಳೆದುಹೋದ ಪೆಟ್ಟಿಗೆಗಳಿಗೆ ಮತ್ತು ಕಾರು ನಿಲ್ಲಿಸುವ ಜಾಗದ ಜಗಳಗಳಿಗೆ. ಇನ್ಸ್‌ಪೆಕ್ಟರ್ ಏಳು ತಿಂಗಳ ಹಿಂದೆ ಅಲ್ಲಿಗೆ ವರ್ಗವಾಗಿ ಬಂದ ದಿನ, ಹಿರಿಯ ದಫೇದಾರ, “ಇಲ್ಲಿ ವಿಮಾನ ಹಾರತ್ತೆ ಮೇಡಂ, ನಾವು ನೊಣ ಹೊಡೀತೀವಿ” ಎಂದು ಠಾಣೆಯ ಪರಿಚಯ ಮಾಡಿಕೊಟ್ಟಿದ್ದ.

ಕುರ್ಚಿ ತೋರಿಸಿದರೂ ಮ್ಯಾನೇಜರ್ ಕೂರಲಿಲ್ಲ.

“ಬಾಂಬ್ ಅಂತೆ ಮೇಡಂ. ನಾಲ್ಕು ಹತ್ತರ ವಿಮಾನದಲ್ಲಿ.”

“ಯಾರು ಹೇಳಿದ್ದು?”

“ಫೋನ್ ಬಂತು. ಮೂರು ಮೂವತ್ತೆರಡಕ್ಕೆ. ಕೌಂಟರಿನ ಹುಡುಗಿ ಎತ್ತಿದ್ದು. ಬರ್ಕೊಂಡಿದಾಳೆ.”

“ಜನ ಎಷ್ಟು?”

“ನಲವತ್ತಾರು. ಯಾರನ್ನೂ ಹತ್ತಿಸಿಲ್ಲ. ವಿಮಾನನ ಎಳ್ಕೊಂಡು ಹೋಗಿ ದೂರದ ಮೂಲೆಯಲ್ಲಿ ನಿಲ್ಸಿದೀವಿ.”

ಹುಡುಗಿ ಬರೆದುಕೊಂಡ ಚೀಟಿಯನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದಳು. ‘ನಾಲ್ಕು ಹತ್ತರದ್ದು ಬಿಡಬೇಡಿ. ಒಳಗೆ ಬಾಂಬ್ ಇದೆ. ಮೇಲೆದ್ದ ಮೂವತ್ತನಾಲ್ಕನೇ ನಿಮಿಷಕ್ಕೆ ಆಗತ್ತೆ. ಎಲ್ಲಾ ಬಿಚ್ಚಿ ನೋಡಿ.’ ಇಷ್ಟೇ. ಗಂಡಸಿನ ದನಿ, ವಯಸ್ಸಾದದ್ದು ಎಂದಳು ಹುಡುಗಿ. ಬೆದರಿಸಿದ ಹಾಗಿತ್ತಾ ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, “ಇಲ್ಲ ಮೇಡಂ, ಕೇಳ್ಕೊಂಡ ಹಾಗಿತ್ತು” ಎಂದಳು.

ನಾಲ್ಕು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಐದು ಗಂಟೆಗೆ ಬಾಂಬ್ ಪತ್ತೆ ದಳ ನಾಯಿಯ ಸಮೇತ ಬಂತು. ಸೀಟುಗಳನ್ನು ಕಿತ್ತರು, ಸಾಮಾನಿನ ಕೋಣೆ ಖಾಲಿ ಮಾಡಿದರು, ಎಂಜಿನ್ನಿನ ಬಾಯಿಗೆ ಟಾರ್ಚು ಬಿಟ್ಟರು, ಚಕ್ರದ ಗೂಡುಗಳೊಳಗೆ ಕೈ ಹಾಕಿದರು. ಏನೂ ಸಿಗಲಿಲ್ಲ. ಇಬ್ಬರು ಪಂಚರ ಸಹಿ ಹಾಕಿಸಿ ಪಂಚನಾಮೆ ಮುಗಿಸಿದಾಗ ಎಂಟು ಗಂಟೆ. ಆ ದಿನದ ಹಾರಾಟ ರದ್ದಾಗಿ ಮರುದಿನ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಎಂದು ಬೋರ್ಡಿನಲ್ಲಿ ಬಂತು. ಅಲ್ಲಿಯವರೆಗೆ ವಿಮಾನದ ಸುತ್ತ ಆರು ಜನ ಬಂದೂಕಿನವರು. ಜನ ಹತ್ತುವವರೆಗೆ ಯಾರನ್ನೂ ನೂರು ಹೆಜ್ಜೆಯೊಳಗೆ ಬಿಡಬೇಡಿ ಎಂದು ಇನ್ಸ್‌ಪೆಕ್ಟರೇ ಆಜ್ಞೆ ಬರೆದುಕೊಟ್ಟಳು.

ಮೇಲಧಿಕಾರಿ ಫೋನ್ ಮಾಡಿ ನಾಳೆ ಸಂಜೆಯೊಳಗೆ ಯಾರಾದರೂ ಒಬ್ಬ ಬೇಕು ಎಂದರು. ಆ ‘ಯಾರಾದರೂ ಒಬ್ಬ’ ಅವಳಿಗೆ ಹಿಡಿಸಲಿಲ್ಲ. ತಪ್ಪು ಮಾಡಿದವನೇ ಬೇಕು, ಸಿಕ್ಕಿದವನಲ್ಲ, ಎನ್ನುವ ಹಟ ಅವಳಿಗೆ ನೌಕರಿಗೆ ಸೇರಿದಾಗಿನಿಂದ ಇತ್ತು. ಮೂರು ವರ್ಗಾವಣೆ ಕಂಡದ್ದೂ ಆ ಹಟದಿಂದಲೇ.

ಮನೆಗೆ ಹೊರಡುವ ಮುಂಚೆ ರದ್ದಾದ ಒಂದು ಟಿಕೆಟ್ ತರಿಸಿ ದಫೇದಾರನ ಮುಂದಿಟ್ಟಳು. ಹೊರಡುವುದು ನಾಲ್ಕು ಹತ್ತು, ಕಡಲೂರು ಸೇರುವುದು ಐದು ಇಪ್ಪತ್ತು. ಸಮುದ್ರದ ಪಕ್ಕದ ಆ ಊರನ್ನು ಈ ಊರಿನವರು ಕರೆಯುತ್ತಿದ್ದದ್ದೇ ಹಾಗೆ.

“ಒಂದು ಗಂಟೆ ಹತ್ತು ನಿಮಿಷದ ಪ್ರಯಾಣ. ಸುಳ್ಳು ಹೇಳೋನು ಅರ್ಧ ಗಂಟೆ ಅಂತಾನೆ, ಇಲ್ಲಾ ಒಂದು ಗಂಟೆ ಅಂತಾನೆ. ಮೂವತ್ನಾಲ್ಕು ಯಾಕೆ ದಫೇದಾರ್ರೇ?”

“ಶೋಕಿ ಇರಬಹುದು ಮೇಡಂ.”

“ಶೋಕಿ ಮಾಡೋನು ಎಲ್ಲಾ ಬಿಚ್ಚಿ ನೋಡಿ ಅಂತಾನಾ? ಬಾಂಬ್ ಇಟ್ಟೋನಿಗೆ ಅದು ಸಿಗೋದು ಬೇಡ. ಇಡದೇ ಇದ್ದೋನ ಸುಳ್ಳು ಹುಡುಕಿದ್ರೆ ಬಯಲಾಗತ್ತೆ.”

ದಫೇದಾರ ತಲೆ ಕೆರೆದುಕೊಂಡ.

ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ ಎಂಟೂವರೆಗೆ ಫೋನ್ ಕಂಪನಿಯಿಂದ ನಂಬರ್ ಬಂತು. ಹುಡುಕಿಕೊಂಡು ಹೋದರೆ ಅದು ಪಾರ್ಕಿಂಗ್ ಚೀಟಿ ಹರಿಯುವವನ ಮೊಬೈಲ್. ಅವನು ಫೋನನ್ನು ಸ್ಟೂಲಿನ ಮೇಲೆ ಚಾರ್ಜಿಗೆ ಇಟ್ಟು ಶೌಚಕ್ಕೆ ಹೋಗುವುದು, ಬೇಕಾದವರು ಎತ್ತಿ ಮಾತಾಡಿ ಇಡುವುದು, ಇದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಪೊಲೀಸರನ್ನು ಕಂಡು ಅವನು ಎದ್ದು ನಿಂತ.

“ನಿನ್ನೆ ಮೂರೂವರೆಗೆ ಯಾರು ತಗೊಂಡ್ರು?”

“ನೋಡ್ಲಿಲ್ಲ ಮೇಡಂ, ದೇವರಾಣೆ. ವಾಪಸ್ ಬಂದಾಗ ಕವರಿಗೆ ಎಣ್ಣೆ ಜಿಡ್ಡು ಮೆತ್ತಿತ್ತು. ಯಾರ ಕೈಯೋ ಏನೋ ಅಂತ ಬೈಕೊಂಡು ಒರೆಸಿದೆ.”

ಎಷ್ಟು ಒರೆಸಿದರೂ ಕವರಿನ ಹೊಲಿಗೆಯಲ್ಲಿ ಜಿಡ್ಡು ಉಳಿದಿತ್ತು. ಇನ್ಸ್‌ಪೆಕ್ಟರ್ ಮೂಸಿ ನೋಡಿದಳು. ಅಡುಗೆ ಎಣ್ಣೆಯಲ್ಲ, ಮೋಟಾರು ಗಾಡಿಯದೂ ಅಲ್ಲ. ಫೋನನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡು ಅಲ್ಲಿಂದ ಸೀದಾ ಮ್ಯಾನೇಜರನ ಕೋಣೆಗೆ ನಡೆದಳು.

“ಕಡಲೂರಿಗೆ ಇಲ್ಲಿಂದ ಎಷ್ಟು ದೂರ?”

“ರಸ್ತೆ ಮೇಲೆ ಮುನ್ನೂರ ಇಪ್ಪತ್ತು ಕಿಲೋಮೀಟರ್. ಘಟ್ಟ ಸುತ್ತಿ ಇಳೀಬೇಕು, ಬಸ್ಸಿಗೆ ಏಳು ಗಂಟೆ. ಗಾಳಿಯಲ್ಲಿ ನೇರ, ಇನ್ನೂರ ಹದಿನಾಲ್ಕು.”

“ಇನ್ನೂರ ಹದಿನಾಲ್ಕಕ್ಕೆ ವಿಮಾನಕ್ಕೆ ಒಂದು ಗಂಟೆ ಹತ್ತು ನಿಮಿಷ ಬೇಕಾ? ಅಷ್ಟು ನಿಧಾನವಾ?”

ಮ್ಯಾನೇಜರ್ ಮೇಜಿನ ಮೇಲಿದ್ದ ಪೆನ್ನುಗಳನ್ನು ಸರಿಮಾಡತೊಡಗಿದ. “ಹಾರೋದು ನಲವತ್ತೇ ನಿಮಿಷ ಮೇಡಂ. ಬಾಗಿಲು ಹಾಕಿ, ನೆಲದ ಮೇಲೆ ಹೋಗಿ, ಇಳಿದು ಬಂದು ನಿಲ್ಲೋದಕ್ಕೆ ಒಂದು ಹದಿನೈದು. ಮಿಕ್ಕ ಹದಿನೈದು...”

“ಮಿಕ್ಕದ್ದು?”

“ತಡವಾಗಿ ಹೊರಟ್ರೂ ಸರಿಯಾದ ಹೊತ್ತಿಗೆ ತಲುಪಿದ ಹಾಗೆ ಕಾಣ್ಲಿ ಅಂತ ನಾವೇ ಸೇರಿಸ್ಕೊಂಡಿರೋದು. ಎಲ್ಲಾ ಕಂಪನಿಯೋರೂ ಮಾಡ್ತಾರೆ.”

“ಇದು ಪ್ರಯಾಣಿಕರಿಗೆ ಗೊತ್ತಾ?”

“ಗೊತ್ತಾದ್ರೆ ನಮ್ಮ ಮರ್ಯಾದೆ ಏನಾಗಬೇಕು?”

ಅವಳು ಡೈರಿಯಲ್ಲಿ ‘ನಲವತ್ತು’ ಎಂದು ಬರೆದು ಅದರ ಕೆಳಗೆ ‘ಮೂವತ್ತನಾಲ್ಕು’ ಎಂದು ಬರೆದಳು. ಕಳೆದರೆ ಆರು. ಇಳಿಯುವುದಕ್ಕೆ ಆರು ನಿಮಿಷ ಮುಂಚೆ ಏನಾಗುತ್ತದೆ? ಒಂಬತ್ತು ಮುಕ್ಕಾಲಿಗೆ ವಿಮಾನದ ಕ್ಯಾಪ್ಟನ್ ವಿಶ್ರಾಂತಿ ಕೋಣೆಯಲ್ಲಿ ಸಿಕ್ಕಿದ. ನಿನ್ನೆ ಸಂಜೆಯ ಗೋಳಿನಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

“ಮೂವತ್ನಾಲ್ಕನೇ ನಿಮಿಷಕ್ಕೆ ಫ್ಲ್ಯಾಪ್ ಪೂರ್ತಿ ಇಳಿಸ್ತೀನಿ,” ಎಂದ ಆತ, ಯೋಚಿಸುವುದಕ್ಕೂ ನಿಲ್ಲದೆ. “ರೆಕ್ಕೆ ಹಿಂದಿನ ಹಲಗೆಗಳು. ಏರುವಾಗ ಸ್ವಲ್ಪ ಇಳಿಸಿರ್ತೀವಿ. ಇಳಿಯೋ ಮುಂಚೆ ಪೂರ್ತಿ. ದಿನಾ ಅದೇ ಜಾಗ, ಗಾಳಿ ಜೋರಿದ್ರೆ ಒಂದು ನಿಮಿಷ ಆಚೆ ಈಚೆ.”

“ಇಷ್ಟು ಕರಾರುವಾಕ್ಕಾಗಿ ಇನ್ಯಾರಿಗೆ ಗೊತ್ತು?”

“ನಾವು ಹಾರಿಸೋರಿಗೆ. ವಾರಕ್ಕೊಂದು ದಿನ ನಮ್ಮ ಜೊತೆ ಹಾರೋ ಮೆಕ್ಯಾನಿಕ್‌ಗಳಿಗೆ.”

ಜಿಡ್ಡು ಕೈ ಯಾರದು ಎನ್ನುವುದು ಅಲ್ಲಿಗೆ ಅರ್ಧ ತೀರ್ಮಾನವಾಯಿತು. ಅವನು ಮಾಡಿದ್ದು ಯಾಕೆ ಎನ್ನುವುದು ಮಾತ್ರ ಇನ್ನೂ ಕತ್ತಲಲ್ಲೇ ಇತ್ತು.

ಹತ್ತೂವರೆಗೆ ಇನ್ಸ್‌ಪೆಕ್ಟರ್ ಮತ್ತು ದಫೇದಾರ ಹ್ಯಾಂಗರಿಗೆ ಹೋದರು. ವಿಮಾನ ರಿಪೇರಿ ಮಾಡುವ ಆ ದೊಡ್ಡ ತಗಡಿನ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಉಪಕರಣಗಳ ಕೋಣೆ. ಅದರ ಉಸ್ತುವಾರಿ ನೋಡುವವನು ಹಾಜರಿ ಪುಸ್ತಕ ಕೊಡುವ ಮುಂಚೆ ತನ್ನ ಗೋಡೆಯನ್ನು ತೋರಿಸಿಯೇ ತೀರಿದ. ಗೋಡೆ ತುಂಬ ಬಿಳಿ ಹಲಗೆ, ಹಲಗೆಯ ಮೇಲೆ ಒಂದೊಂದು ಉಪಕರಣಕ್ಕೂ ಅದರದೇ ಆಕಾರದಲ್ಲಿ ಕೆಂಪು ಬಣ್ಣದ ಗುರುತು, ಗುರುತಿನ ಮೇಲೆ ಉಪಕರಣ.

“ಸಂಜೆ ಒಂದು ಕೆಂಪು ಕಂಡ್ರೂ ವಿಮಾನ ಅಲ್ಲಾಡೋ ಹಾಗಿಲ್ಲ ಮೇಡಂ. ಒಳಗೆ ಉಳಿದಿದೆಯೋ ಏನೋ ಅಂತ ಪೂರ್ತಿ ಬಿಚ್ಚಿ ಹುಡುಕಬೇಕು. ಇನ್ನೂರ ಹನ್ನೆರಡು ಇದೆ. ನಾನೇ ದಿನಾ ನೋಡಿ ಸಹಿ ಹಾಕೋದು.”

ಬಿಚ್ಚಿ ಹುಡುಕುವುದು ಎಂಬ ಮಾತಿಗೆ ಇನ್ಸ್‌ಪೆಕ್ಟರ್ ಕಿವಿ ನಿಮಿರಿತು. ಅವಳು ಹಲಗೆಯ ಹತ್ತಿರ ಹೋದಳು. ಎಲ್ಲವೂ ಇದ್ದವು. ಎಲ್ಲದರ ಮೇಲೂ ಸಣ್ಣದಾಗಿ ನಂಬರ್ ಕೆತ್ತಿತ್ತು. ಮೂರನೇ ಸಾಲಿನ ಒಂದು ಸ್ಪ್ಯಾನರಿನ ಮೇಲೆ ಮಾತ್ರ ಇರಲಿಲ್ಲ. ಅಕ್ಕಪಕ್ಕದವು ಸವೆದು ಮಂಕಾಗಿದ್ದರೆ ಅದು ಮದುಮಗನ ಹಾಗೆ ಹೊಳೆಯುತ್ತಿತ್ತು.

“ಇದರ ನಂಬರ್ ಎಲ್ಲಿ?”

ಉಸ್ತುವಾರಿಯವನು ಹತ್ತಿರ ಬಂದು ನೋಡಿದ, ತಿರುಗಿಸಿ ನೋಡಿದ. ಅವನು ದಿನಾ ನೋಡುತ್ತಿದ್ದದ್ದು ಕೆಂಪು ಕಾಣುತ್ತದೆಯೋ ಇಲ್ಲವೋ ಎಂದು ಮಾತ್ರ.

“ಯಾರು ತಗೊಂಡಿದ್ರು ಇದನ್ನ?”

ಉಪಕರಣ ಒಯ್ದದ್ದು, ತಂದದ್ದು ಬರೆಯುವ ಪುಸ್ತಕ ತೆರೆಯಿತು. ಹನ್ನೆರಡನೇ ತಾರೀಖು ಮಧ್ಯಾಹ್ನ ಎರಡು ಹತ್ತಕ್ಕೆ ಒಯ್ದದ್ದು. ವಾಪಸ್ ಬಂದದ್ದು ಹದಿಮೂರರ ಬೆಳಿಗ್ಗೆ ಎಂಟು ಐದಕ್ಕೆ.

“ರಾತ್ರಿಯೆಲ್ಲಾ ಎಲ್ಲಿತ್ತು? ಅವತ್ತು ಸಂಜೆ ಇಲ್ಲಿ ಕೆಂಪು ಕಾಣ್ತಿತ್ತಲ್ಲ?”

“ಜೇಬಲ್ಲೇ ಇದೆ, ಬೆಳಿಗ್ಗೆ ಕೊಡ್ತೀನಿ ಅಂದ್ರು ಮೇಡಂ. ಮೇಷ್ಟ್ರು ಹೇಳಿದ್ಮೇಲೆ ನಾನು ಹೇಗೆ ಜೇಬು ತೋರ್ಸಿ ಅನ್ಲಿ?”

ಮೇಷ್ಟ್ರು ಎಂದರೆ ಅಲ್ಲಿನ ಹಿರಿಯ ಮೆಕ್ಯಾನಿಕ್. ಇಪ್ಪತ್ತಾರು ವರ್ಷದ ಕೆಲಸ, ಒಂದು ಕಪ್ಪು ಚುಕ್ಕೆ ಇಲ್ಲ. ಹ್ಯಾಂಗರಿನ ಅಷ್ಟೂ ಜನಕ್ಕೆ ಕೆಲಸ ಕಲಿಸಿದವರು. ಹನ್ನೆರಡನೇ ತಾರೀಖು ಅವರು ಯಾವ ಕೆಲಸ ಮಾಡಿದ್ದು ಎಂದು ಕೇಳಿದರೆ, ನಾಲ್ಕು ಹತ್ತರ ವಿಮಾನದ್ದೇ, ಎಡ ರೆಕ್ಕೆಯದು ಎಂಬ ಉತ್ತರ ಬಂತು. ರಿಪೇರಿಯಾದ ಮೇಲೆ ಅದರ ಮೊದಲ ಹಾರಾಟ ನಿನ್ನೆಯದೇ ಆಗಬೇಕಿತ್ತು.

“ಅವರು ಅಂಥವರಲ್ಲ ಮೇಡಂ,” ಉಸ್ತುವಾರಿಯವನು ಅಳುವ ಹಾಗಿದ್ದ. “ನಾಲ್ಕು ವರ್ಷದ ಹಿಂದೆ ಒಡಹುಟ್ಟಿದ ತಮ್ಮ ಇಲ್ಲೇ ಇದ್ದ. ಒಂದು ಸ್ಕ್ರೂಡ್ರೈವರ್ ಒಳಗೆ ಬಿಟ್ಟು, ಹೆದರ್ಕೊಂಡು ಅಣ್ಣನ ಹತ್ರ ಹೇಳ್ಕೊಂಡ. ಅಣ್ಣ ಹೊಟ್ಟೆಗೆ ಹಾಕ್ಕೊಳ್ಳಲಿಲ್ಲ. ಸೀದಾ ಹೋಗಿ ಬರೆದು ಕೊಟ್ರು. ಕೆಲಸ ಹೋಯ್ತು. ಸಾಮಾನು ಮರೆಯೋನು ಈ ಕೆಲಸಕ್ಕೆ ಲಾಯಕ್ಕಲ್ಲ ಅಂತ ನಮ್ಮೆಲ್ಲರ ಮುಂದೆ ಅಂದ್ರು. ಆವತ್ತಿಂದ ತಮ್ಮ ಇವರ ಹೊಸ್ತಿಲು ತುಳಿದಿಲ್ಲ.”

ಹೊಳೆಯುವ ಸ್ಪ್ಯಾನರನ್ನು ಪಂಚರ ಎದುರು ಕಾಗದದಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದರು. ಆಗ ಸಮಯ ಹನ್ನೊಂದು ಎಂಟು. ಇನ್ಸ್‌ಪೆಕ್ಟರ್ ಮ್ಯಾನೇಜರನಿಗೆ ಫೋನ್ ಮಾಡಿ ವಿಮಾನ ಬಿಡಬೇಡಿ ಎಂದಳು.

“ಯಾಕೆ? ನಿಮ್ಮ ದಳದವರೇ ಏನಿಲ್ಲ ಅಂತ ಬರೆದು ಕೊಟ್ಟಿದಾರಲ್ಲ. ಒಂದು ಸ್ಪ್ಯಾನರ್ ಹೊಸದಿದೆ ಅಂತ ವಿಮಾನ ನಿಲ್ಸೋಕಾಗತ್ತಾ? ಮೆಕ್ಯಾನಿಕ್ ಸಹಿ ಇದೆ. ಅವರು ಬೇಡ ಅಂದ್ರೆ ನಿಲ್ಸ್ತೀನಿ. ಇಲ್ಲಾ ನಿಮ್ಮ ಮೇಲಿನವರಿಂದ ಬರೆಸ್ಕೊಂಡು ಬನ್ನಿ.”

ಮೇಲಧಿಕಾರಿ ಮೀಟಿಂಗಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಅವಳು ದಫೇದಾರನನ್ನು ವಿಮಾನದ ಹತ್ತಿರ ಓಡಿಸಿದಳು.

“ಅದು ಹೊರಟ್ರೆ ಅಡ್ಡ ಮಲಗ್ಲಾ ಮೇಡಂ?”

“ಬೇಡ. ಹೊರಡೋ ಹಾಗೆ ಕಂಡ್ರೆ ಕ್ಯಾಪ್ಟನ್ ಕಣ್ಣಿಗೆ ಬೀಳೋ ಹಾಗೆ ಮುಂದೆ ನಿಂತ್ಕೊಳ್ಳಿ.”

ಹುಟ್ಟಿ ಐವತ್ತೆಂಟು ವರ್ಷದಲ್ಲಿ ವಿಮಾನವನ್ನು ಬೇಲಿಯ ಆಚೆಯಿಂದಷ್ಟೇ ನೋಡಿದ್ದ ದಫೇದಾರ ಟೋಪಿ ಒತ್ತಿಕೊಂಡು ಓಡಿದ.

ಮೇಷ್ಟ್ರನ್ನು ಹ್ಯಾಂಗರಿನ ಪಕ್ಕದ ಸಣ್ಣ ಕೋಣೆಗೆ ಕರೆಸಿದ್ದು ಹನ್ನೊಂದು ಹದಿನಾಲ್ಕಕ್ಕೆ. ಒಂದು ಮೇಜು, ಎರಡು ಕುರ್ಚಿ, ಮೇಜಿನ ಮೇಲೆ ಚಾರ್ಜಿಗಿಟ್ಟ ವಾಕಿಟಾಕಿ, ವಿಮಾನ ನಿಲ್ಲುವ ಅಂಗಳದ ಕಡೆಗೆ ಒಂದು ಗಾಜಿನ ಕಿಟಕಿ. ಮೇಷ್ಟ್ರದು ಒಣಕಲು ಮೈ, ಒಪ್ಪವಾಗಿ ಕತ್ತರಿಸಿದ ಉಗುರು, ಉಗುರಿನ ಸಂದಿಯಲ್ಲಿ ಜೀವಮಾನದ ಎಣ್ಣೆ.

“ನಿನ್ನೆ ಮೂರು ಮೂವತ್ತೆರಡಕ್ಕೆ ಎಲ್ಲಿದ್ರಿ?”

“ಇಲ್ಲೇ.”

“ಪಾರ್ಕಿಂಗ್ ಕಡೆ ಹೋಗಿದ್ರಾ?”

ಉತ್ತರವಿಲ್ಲ.

“ಕೌಂಟರಿಗೆ ಫೋನ್ ಮಾಡಿದ್ದು ನೀವಾ?”

ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡವರನ್ನು ಬೇಕಾದಷ್ಟು ನೋಡಿದ್ದಳು. ಕೆಲವರು ನೆಲ ನೋಡುತ್ತಾರೆ, ಕೆಲವರು ಪೊಲೀಸರ ಕೈ ನೋಡುತ್ತಾರೆ. ಈ ಮನುಷ್ಯ ಕಿಟಕಿಯ ಆಚೆ ನೋಡುತ್ತಿದ್ದರು. ಅಲ್ಲಿ ಜನ ಸಾಲಾಗಿ ವಿಮಾನದ ಕಡೆ ನಡೆಯುತ್ತಿದ್ದರು. ಒಬ್ಬಾಕೆ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸಿಕೊಂಡಳು. ಮೇಷ್ಟ್ರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಅವರು ಎಣಿಸುತ್ತಿದ್ದರು.

ಆಗ ಅವಳಿಗೆ ಹೊಳೆಯಿತು. ಇಷ್ಟು ಹೊತ್ತು ಮೂವತ್ತನಾಲ್ಕು ಎಂದರೆ ಫೋನ್ ಮಾಡಿದವನ ಗುರುತು ಎಂದುಕೊಂಡಿದ್ದಳು. ಅದು ಅವನ ಭಯ. ಫ್ಲ್ಯಾಪ್ ಪೂರ್ತಿ ಇಳಿಯುವ ನಿಮಿಷ.

“ನಿಮ್ಮ ಹಳೇ ಸ್ಪ್ಯಾನರ್ ಆ ರೆಕ್ಕೆ ಒಳಗಿದೆ. ಅಲ್ವಾ?”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

“ನನ್ನ ಮಾತಿಗೆ ಅದು ನಿಲ್ಲಲ್ಲ. ಕೇಳಿ ಆಯ್ತು. ನಿಮ್ಮ ಮಾತಿಗೆ ನಿಲ್ಲತ್ತೆ.” ಅವಳು ವಾಕಿಟಾಕಿಯನ್ನು ಅವರ ಮುಂದೆ ಸರಿಸಿದಳು. “ಇದರಲ್ಲಿ ಹೇಳಿದ್ರೆ ಯಾರಿಗೆಲ್ಲಾ ಕೇಳತ್ತೆ?”

“ಎಲ್ಲರಿಗೂ,” ಎಂದರು ಮೇಷ್ಟ್ರು. ಅದು ಅವರು ಆಡಿದ ಮೊದಲ ನಿಜವಾದ ಮಾತು. “ಕ್ಯಾಪ್ಟನ್‌ಗೆ, ಟವರಿಗೆ, ನನ್ನ ಹುಡುಗರಿಗೆ. ಎಲ್ಲರಿಗೂ.”

ಹನ್ನೊಂದು ಮೂವತ್ತೊಂದು. ಮೆಟ್ಟಿಲ ಮೇಲೆ ಕೊನೆಯ ಪ್ರಯಾಣಿಕ. ಇನ್ಸ್‌ಪೆಕ್ಟರ್, ಇನ್ನು ಎರಡು ನಿಮಿಷದಲ್ಲಿ ತಾನೂ ಓಡಿಹೋಗಿ ದಫೇದಾರನ ಪಕ್ಕ ನಿಲ್ಲುವುದೇ ಸರಿ ಎಂದು ಎದ್ದಳು. ವಿಮಾನದ ಬಾಗಿಲು ಒಳಗಿನಿಂದ ಮುಚ್ಚತೊಡಗಿತು.

ಮೇಷ್ಟ್ರು ವಾಕಿಟಾಕಿ ಎತ್ತಿಕೊಂಡರು. ದನಿ ನಡುಗಲಿಲ್ಲ.

“ಹ್ಯಾಂಗರಿಂದ ಮಾತಾಡ್ತಿದೀನಿ. ವಿಮಾನ ಬಿಡಬೇಡಿ. ಜನರನ್ನ ಇಳಿಸಿ. ಎಡ ರೆಕ್ಕೆ, ಫ್ಲ್ಯಾಪಿನ ಮೇಲಿನ ಮುಚ್ಚಳ ಬಿಚ್ಚಿ. ಒಳಗೆ ನನ್ನ ಸ್ಪ್ಯಾನರ್ ಇದೆ. ಮರೆತದ್ದು ನಾನು. ಮುಚ್ಚಿಟ್ಟದ್ದೂ ನಾನು.”

ಆ ಪೆಟ್ಟಿಗೆ ಗೊರಗೊರ ಎಂದಿತು. ಆಮೇಲೆ ಕ್ಯಾಪ್ಟನ್ ದನಿ, “ಸರಿ ಮೇಷ್ಟ್ರೇ,” ಎಂದಿತು.

ಹನ್ನೆರಡು ಐದಕ್ಕೆ ಪಂಚರ ಎದುರು ಮುಚ್ಚಳ ಬಿಚ್ಚಿದರು. ಸ್ಪ್ಯಾನರ್ ಫ್ಲ್ಯಾಪನ್ನು ತಳ್ಳುವ ಕೋಲಿನ ಬುಡದಲ್ಲಿ ಇತ್ತು. ಒಳಗಿನ ಕಟ್ಟೆಯ ಮೇಲಿಂದ ಆಗಲೇ ಜಾರಿ ಕೆಳಗೆ ಬಂದಿತ್ತು; ವಿಮಾನವನ್ನು ಮೂಲೆಗೆ ಎಳೆದಾಗಲೇ ಜಾರಿರಬೇಕು. ಇನ್ನೆರಡು ಬೆರಳು ಸರಿದಿದ್ದರೆ ಕೋಲಿಗೆ ಸಿಕ್ಕಿ, ಒಂದೇ ಕಡೆಯ ಫ್ಲ್ಯಾಪ್ ಇಳಿದು ವಿಮಾನ ಮಗುಚಿಕೊಳ್ಳುತ್ತಿತ್ತು. ಕ್ಯಾಪ್ಟನ್ ಅದನ್ನು ನೋಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಮಗುವಿದ್ದ ಹೆಂಗಸು ನೆಲದ ಮೇಲೆ ನಿಂತು, ಇವತ್ತಾದರೂ ಹೊರಡುತ್ತೋ ಇಲ್ಲವೋ ಎಂದು ಮ್ಯಾನೇಜರನನ್ನು ತರಾಟೆಗೆ ತೆಗೆದುಕೊಂಡಿದ್ದಳು.

ಮಧ್ಯಾಹ್ನ ಒಂದೂವರೆಗೆ ಠಾಣೆಯಲ್ಲಿ ಮೇಷ್ಟ್ರ ದಸ್ತಗಿರಿ ಆಯಿತು. ಹೇಳಿಕೆ ಕೊಡುವಾಗ ಅವರು ಒಂದು ಸಲವೂ ತಡವರಿಸಲಿಲ್ಲ.

“ಮೊನ್ನೆ ಸಂಜೆ ಲೆಕ್ಕಕ್ಕೆ ಒಂದು ಕಮ್ಮಿ ಬಂತು. ನೆಲದ ಮೇಲೆಲ್ಲೋ ಬಿದ್ದಿರಬೇಕು, ಬೆಳಿಗ್ಗೆ ಸಿಗತ್ತೆ ಅಂದ್ಕೊಂಡೆ. ದಾರಿಯಲ್ಲಿ ಅಂಗಡಿಯಿಂದ ಒಂದು ತಗೊಂಡೆ. ನಿನ್ನೆ ಮೂರು ಇಪ್ಪತ್ತೈದಕ್ಕೆ ಕೈ ತೊಳೆಯೋಕೆ ಹೋದಾಗ ನೆನಪಾಯ್ತು. ಮೊನ್ನೆ ಕೈ ಒರೆಸ್ಕೊಳ್ಳೋಕೆ ಅಂತ ಅದನ್ನ ರೆಕ್ಕೆ ಒಳಗಿಟ್ಟಿದ್ದೆ.”

“ಆಗಲೇ ಹೇಳಬಹುದಿತ್ತಲ್ಲ?”

“ಕೈ ತೊಳೀದೆ, ಹೇಳೋಣ ಅಂತಲೇ ಆಫೀಸಿಗೆ ಹೊರಟೆ ಮೇಡಂ. ಕಾಲು ಪಾರ್ಕಿಂಗ್ ಕಡೆ ಎಳೀತು. ಬಾಂಬ್ ಅಂದ್ರೆ ಎಲ್ಲಾ ಬಿಚ್ತಾರೆ, ನನ್ನ ಹೆಸರು ಬರದೆ ಅದು ಸಿಗತ್ತೆ ಅಂದ್ಕೊಂಡೆ. ಅವರು ಸೀಟು ಬಿಚ್ಚಿದ್ರು.” ಅವರು ತಮ್ಮ ಉಗುರುಗಳನ್ನು ನೋಡಿಕೊಂಡರು. “ಇವತ್ತು ಬೆಳಿಗ್ಗೆ ಆರಕ್ಕೇ ಬಂದೆ, ನಾನೇ ತೆಗೆದುಬಿಡೋಣ ಅಂತ. ನಿಮ್ಮ ಬಂದೂಕಿನವರು ಹತ್ತಿರ ಬಿಡ್ಲಿಲ್ಲ.”

ಆ ಆಜ್ಞೆ ಬರೆದವಳು ತಾನು ಎಂದು ಇನ್ಸ್‌ಪೆಕ್ಟರ್ ಹೇಳಲಿಲ್ಲ. ಈ ಮನುಷ್ಯನ ಮೇಲೆ ಅವಳಿಗೆ ಸಿಟ್ಟಿತ್ತು, ನಲವತ್ತಾರು ಜನರ ಜೀವದ ಸಿಟ್ಟು. ಅದರ ಅಡಿಯಲ್ಲೇ ಮರುಕವೂ ಇತ್ತು. ಕೆಲಸ ಹೋಗುವ ಹೆದರಿಕೆ ಅವರದಾಗಿರಲಿಲ್ಲ. ತಮ್ಮನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದ ಜಾಗದಲ್ಲಿ ತಾವು ನಿಲ್ಲುವ ನಾಚಿಕೆ. ಅಷ್ಟು ದೊಡ್ಡ ನಾಚಿಕೆಗೆ ಬಾಂಬೇ ಚಿಕ್ಕದಾಗಿ ಕಂಡಿತ್ತು.

ದಸ್ತಗಿರಿ ಮೆಮೊದಲ್ಲಿ ಒಂದು ಕಲಂ ಉಳಿದಿತ್ತು. ಆರೋಪಿಯ ಹತ್ತಿರದ ಸಂಬಂಧಿಗೆ ವಿಷಯ ತಿಳಿಸಲಾಗಿದೆಯೇ?

“ಯಾರಿಗೆ ಹೇಳಬೇಕು?”

“ಹೆಂಡತಿ ಹೋಗಿ ಆರು ವರ್ಷ. ಮಕ್ಕಳಿಲ್ಲ.” ಆಮೇಲೆ, “ತಮ್ಮ ಕಡಲೂರಿನಲ್ಲಿದಾನೆ. ಅವನು ಬರಲ್ಲ. ಸುಮ್ನೆ ತೊಂದರೆ ಕೊಡ್ಬೇಡಿ.”

ಆದರೂ ನಂಬರ್ ಕೇಳಿದಾಗ ಪುಸ್ತಕ ನೋಡದೆ, ಒಂದೇ ಉಸಿರಿಗೆ ಹೇಳಿದರು.

ಇನ್ಸ್‌ಪೆಕ್ಟರ್ ಹೊರಗಿನ ಜಗಲಿಗೆ ಹೋಗಿ ಫೋನ್ ಮಾಡಿದಳು. ಆ ಕಡೆ ಗ್ಯಾರೇಜಿನ ಸುತ್ತಿಗೆ ಸದ್ದು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುತ್ತಿಗೆ ಸದ್ದು ದೂರವಾಯಿತು. ಆತ ಬೀದಿಗೆ ಬಂದಿರಬೇಕು.

“ಅಣ್ಣ ಮರೆತಿದ್ನಾ? ನಮ್ಮಣ್ಣ?”

“ಹೌದು.”

“ನೀವು ಹಿಡಿದ್ರಾ ಮೇಡಂ, ಅವನೇ ಹೇಳಿದ್ನಾ?”

ಫೋನು, ಪುಸ್ತಕ, ನಂಬರಿಲ್ಲದ ಸ್ಪ್ಯಾನರ್, ಎಲ್ಲಾ ಅವಳು ಹಿಡಿದದ್ದೇ. ಕೇಸ್ ಡೈರಿಯಲ್ಲಿ ಹಾಗೇ ಬರೆಯುತ್ತಿದ್ದಳು ಕೂಡ. ಆದರೆ ಯಾವ ರೆಕ್ಕೆ, ಯಾವ ಮುಚ್ಚಳ, ಯಾರು ಮರೆತದ್ದು ಎಂದು ವಿಮಾನ ನಿಲ್ಲಿಸಿದ ಮಾತು ಅವಳದಾಗಿರಲಿಲ್ಲ.

“ಅವರೇ ಹೇಳಿದ್ರು.”

“ಎಲ್ಲರ ಮುಂದೆ?”

“ಎಲ್ಲರಿಗೂ ಕೇಳೋ ಹಾಗೆ.”

ಆ ಕಡೆ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು.

“ಅವನಿಗೆ ಸಕ್ಕರೆ ಕಾಯಿಲೆ ಇದೆ ಮೇಡಂ. ಹೊತ್ತಿಗೆ ಸರಿಯಾಗಿ ಏನಾದ್ರೂ ತಿನ್ನೋಕೆ ಕೊಡಿ. ನಾನು ಹೊರಟೆ ಅಂತ ಹೇಳಿ.”

ಅವಳು ಒಳಗೆ ಬಂದು ಮೆಮೊ ತುಂಬಿದಳು. ಸಂಬಂಧ ಎಂಬಲ್ಲಿ ‘ತಮ್ಮ’ ಎಂದು ಬರೆದಳು, ‘ತಿಳಿಸಲಾಗಿದೆ’ ಎಂದು ಬರೆದಳು. ಸಂಬಂಧಿ ಬರುತ್ತಾನೋ ಇಲ್ಲವೋ ಎಂದು ಬರೆಯುವುದಕ್ಕೆ ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಬರುತ್ತಿದ್ದಾರೆ’ ಎಂದು ಬರೆದು, ಸಹಿಗಾಗಿ ಕಾಗದವನ್ನು ಮೇಷ್ಟ್ರ ಕಡೆಗೆ ತಿರುಗಿಸಿ ಇಟ್ಟಳು.